ಅರ್ಬುದ ರೋಗವೂ ದೇಹದ ಕಾವಲುಪಡೆಯೂ

ಸೋಮನೂರು, ಪಲ್ಲಡಂ ಕಡೆಯ ವಿದ್ಯುತ್ ಮಗ್ಗಗಳನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಹೊಕ್ಕಿನ ನೂಲು ತುಂಡಾದೊಡನೆ ಮಗ್ಗವು ತಾನಾಗಿಯೇ ನಿಲ್ಲುತ್ತದೆ. ಈ ತಡೆ ಇಲ್ಲದಿದ್ದರೆ ಬಟ್ಟೆ ಕೆಡುವುದು. ಆದರೆ ನೂಲು ಸರಿಯಾಗಿರುವಾಗಲೇ ಯಾರಾದರೂ ತಡೆಯನ್ನು ಎಳೆದು ಹಿಡಿದರೆ ನೇಯ್ಗೆಯೇ ನಿಂತುಹೋಗುವುದು. ನಮ್ಮ ಶರೀರದಲ್ಲಿ ಅರ್ಬುದ, ಅಂದರೆ ಕ್ಯಾನ್ಸರ್, ಮಾಡುವ ವಂಚನೆಯೂ ಇಂಥದೇ.

ರಕ್ತದಲ್ಲಿ ಸಂಚರಿಸುವ ಟಿ ಜೀವಕೋಶಗಳು ದೇಹದ ಕಾವಲುಭಟರು. ರೋಗಾಣು ಹೊಕ್ಕ ಕೋಶಗಳನ್ನೂ ಕೆಟ್ಟ ಕೋಶಗಳನ್ನೂ ಗುರುತಿಸಿ ಕೊಲ್ಲುವುದು ಇವುಗಳ ಕಾರ್ಯ. ಈ ಭಟರು ಮಿತಿಮೀರಿ ಸ್ವಂತ ಅಂಗಗಳ ಮೇಲೆಯೇ ಎರಗದಂತೆ ಪ್ರಕೃತಿಯು ಇವುಗಳ ಮೈಮೇಲೆ ಕೆಲವು ತಡೆ-ಪ್ರೋಟೀನುಗಳನ್ನು ಇರಿಸಿದೆ. ಸಿಟಿಎಲ್‌ಎ-4 ಮತ್ತು ಪಿಡಿ-1 ಅವುಗಳಲ್ಲಿ ಮುಖ್ಯವಾದವು. ಮೊದಲನೆಯದು ಟಿ ಕೋಶವು ಕಾಳಗಕ್ಕೆ ಹೊರಡುವ ಹೊತ್ತಿನಲ್ಲಿಯೇ ಅದನ್ನು ಸಂಯಮದಲ್ಲಿಡುತ್ತದೆ. ಎರಡನೆಯದು ಹೋರಾಡುತ್ತಿರುವ ಕೋಶವನ್ನು ತಣಿಸುತ್ತದೆ. ಹಲವು ಅರ್ಬುದ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊತ್ತು, ಅದರಿಂದ ಪಿಡಿ-1 ಎಂಬ ತಡೆಯನ್ನು ಬಿಗಿಹಿಡಿಯುತ್ತವೆ. ಭಟನು ಎದುರಿಗಿದ್ದೂ ಕೈಕಟ್ಟಿ ನಿಲ್ಲುತ್ತಾನೆ, ಗೆಡ್ಡೆ ಬೆಳೆಯುತ್ತದೆ.

ಪಿಡಿ-1 ಪ್ರೋಟೀನನ್ನು 1992ರಲ್ಲಿ ಜಪಾನಿನ ತಾಸುಕು ಹೋಂಜೊ ಅವರ ತಂಡವು ಕಂಡುಹಿಡಿಯಿತು. ಸಿಟಿಎಲ್‌ಎ-4ರ ತಡೆಯನ್ನು ಸಡಿಲಿಸಿದರೆ ಇಲಿಗಳಲ್ಲಿ ಗೆಡ್ಡೆ ಕರಗುವುದೆಂದು ಅಮೆರಿಕದ ಜೇಮ್ಸ್ ಆಲಿಸನ್ ಅವರ ತಂಡವು 1996ರಲ್ಲಿ ತೋರಿಸಿತು. ಈ ತತ್ತ್ವದ ಮೊದಲ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. 2018ರಲ್ಲಿ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕ ಸಂದಿತು. ಆದರೆ ಈ ಔಷಧಗಳು ಎಲ್ಲ ರೋಗಿಗಳಿಗೂ ಫಲಿಸುವುದಿಲ್ಲ. ತಡೆ ಸಡಿಲಿದಾಗ ಕರುಳು, ಶ್ವಾಸಕೋಶ, ಥೈರಾಯಿಡ್ ಗ್ರಂಥಿಗಳಿಗೆ ಸ್ವಂತ ಭಟರಿಂದಲೇ ಪೆಟ್ಟು ಬೀಳುವುದೂ ಉಂಟು. ಬೆಲೆಯಂತೂ ಸಾಮಾನ್ಯ ಕುಟುಂಬದ ಕೈಗೆ ಎಟುಕದಷ್ಟು.

ಬೆಲೆಯ ಸಮಸ್ಯೆಗೆ ನಮ್ಮ ದೇಶದಲ್ಲಿಯೇ ಒಂದು ದಾರಿ ತೋರಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಅರ್ಬುದ ಉಲ್ಬಣಿಸಿದ್ದ 151 ರೋಗಿಗಳ ಅಧ್ಯಯನವೊಂದನ್ನು 2022ರಲ್ಲಿ ಪ್ರಕಟಿಸಿದರು. ಪಿಡಿ-1ರ ತಡೆಯನ್ನು ಬಿಡಿಸುವ ನಿವೊಲುಮ್ಯಾಬ್ ಔಷಧವನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ, ಅಂದರೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂನಷ್ಟು ಮಾತ್ರ, ಅವರು ನೀಡಿದರು. ನುಂಗುವ ಔಷಧಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷದ ಬಳಿಕ ಬದುಕುಳಿದವರು ಶೇಕಡಾ 16ರಷ್ಟು. ಅವುಗಳ ಜೊತೆಗೆ ಇದನ್ನೂ ಪಡೆದವರಲ್ಲಿ ಶೇಕಡಾ 43ರಷ್ಟು.

ಈ ಅಧ್ಯಯನವು ನಮ್ಮ ಸೀಮೆಗೆ ದೂರದ ಮಾತಲ್ಲ. ಕೊಯಮತ್ತೂರು ಭಾಗವು ಜಗಿಯುವ ಹೊಗೆಸೊಪ್ಪು ಬೆಳೆಯುವ ನೆಲ. ಎಲೆಯಡಿಕೆಯೊಡನೆ ಅದನ್ನು ಮೆಲ್ಲುವ ಅಭ್ಯಾಸವೂ ಹಳೆಯದು. ಬಾಯಿಯ ಅರ್ಬುದಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದು. ಔಷಧ ಎಷ್ಟೇ ಮುಂದುವರಿದಿದ್ದರೂ ಹೊಗೆಸೊಪ್ಪನ್ನು ತ್ಯಜಿಸುವುದಕ್ಕೆ ಅದು ಸಮನಲ್ಲ. ಬಾಯಿಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಈ ಒಂದು ಮಾತನ್ನಾದರೂ ಮನೆಯ ಹಿರಿಯರಿಗೆ ಓದಿ ಹೇಳಲಿ.