ಹಾರುವ ಚಿಗಟ

ಮನೆಯಲ್ಲಿಯೇ ವಿಮಾನವನ್ನು ಕಟ್ಟಬಹುದೆಂದರೆ ನಾವು ಸುಲಭವಾಗಿ ನಂಬೆವು. ಆದರೆ ಫ್ರಾನ್ಸ್ ದೇಶದ ಆನ್ರಿ ಮಿನ್ಯೆ ಎಂಬಾತನು 1933ರಲ್ಲಿ ಮರ, ಬಟ್ಟೆಗಳಿಂದ ಅಂತಹದೊಂದನ್ನು ರಚಿಸಿ ತಾನೇ ಹಾರಿಸಿದನು. ಅದನ್ನು ಕಟ್ಟುವ ಕ್ರಮವನ್ನು ವಿವರಿಸುವ ಅವನ ಪುಸ್ತಕವು 1934ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿಯೂ ನೂರಾರು ಜನರು ಉತ್ಸಾಹದಿಂದ ಕೆಲಸಕ್ಕೆ ತೊಡಗಿದರು. ಆಂಗ್ಲರು ಈ ಪುಟ್ಟ ವಿಮಾನವನ್ನು 'ಹಾರುವ ಚಿಗಟ'ವೆಂದು ಕರೆದರು.

ಆದರೆ ಬೇಗನೆ ಅಪಘಾತಗಳೊದಗಿ ಹಲವರು ಮಡಿದರು. ಮೂತಿ ಕೆಳಗಾಗಿ ಎರಗಿದ ವಿಮಾನವು ಮರಳಿ ಮೇಲೇಳುತ್ತಿರಲಿಲ್ಲ. ಇದು ಚಾಲಕರ ತಪ್ಪೆ? 1936ರಲ್ಲಿ ಫಾರ್ನ್‌ಬರೋ ಎಂಬಲ್ಲಿನ ವಾಯುಸುರಂಗದಲ್ಲಿ ಇಡಿಯ ವಿಮಾನವನ್ನೇ ನಿಲ್ಲಿಸಿ, ರಭಸದಿಂದ ಗಾಳಿಯನ್ನು ಹಾಯಿಸಿ ಪರೀಕ್ಷಿಸಲು, ನಿಜವಾದ ಕಾರಣವು ಹೊರಪಟ್ಟಿತು. ಹಿಂದು ಮುಂದಾಗಿದ್ದ ಎರಡು ರೆಕ್ಕೆಗಳು ಒಂದಕ್ಕೊಂದು ತೀರ ಸಮೀಪವಾಗಿದ್ದುವು. ಎರಗುತ್ತಿರುವಾಗ ಚಾಲಕನು ಮೇಲೇಳಲೆಂದು ಹಿಡಿಯನ್ನೆಳೆದರೆ, ಮುಂದಿನ ರೆಕ್ಕೆಯು ಓರೆಯಾಗಿ, ನಡುವಣ ಸಂದಿನಲ್ಲಿ ನುಗ್ಗಿದ ಗಾಳಿಯು ಹಿಂದಿನ ರೆಕ್ಕೆಯನ್ನೇ ಹೆಚ್ಚಾಗಿ ಎತ್ತುತ್ತಿತ್ತು. ಮೂತಿಯು ಇನ್ನಷ್ಟು ಕೆಳಗಾಗುತ್ತಿತ್ತು!

ಎಂದರೆ, ಮಡಿದವರು ಮಾಡಿದುದು ತಕ್ಕ ಪ್ರಯತ್ನವೇ; ದೋಷವಿದ್ದುದು ರಚನೆಯಲ್ಲಿ. ಮುಂದೆ ರೆಕ್ಕೆಗಳ ಜೋಡಣೆಯನ್ನು ತಿದ್ದಲಾಯಿತು. ಯಂತ್ರವನ್ನು ಕಟ್ಟಲು ಕೈಚಳಕ ಸಾಕು. ಅದರ ಸ್ವಭಾವವನ್ನರಿಯಲು ಪರೀಕ್ಷೆಯೇ ಬೇಕು. ಆ ಪರೀಕ್ಷೆಯು ಹಾರಾಟಕ್ಕೆ ಮೊದಲೇ ನಡೆದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದುವೆಂಬುದನ್ನು ನಾವು ಮರೆಯಲಾಗದು.