ಗಣಕ ಏಳದಿದ್ದರೆ ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂದೇ ಅರ್ಥವೆ?

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಹಳೆಯ ಗಣಕವನ್ನು ಚಾಲೂ ಮಾಡುತ್ತೀರಿ. ಫ್ಯಾನ್ ತಿರುಗುತ್ತದೆ, ದೀಪ ಬೆಳಗುತ್ತದೆ. ಆದರೆ ಕಪ್ಪು ಪರದೆಯ ಮೇಲೆ 'ಡಿಸ್ಕ್ ಬೂಟ್ ಫೇಲ್ಯೂರ್' ಎಂಬ ಸಂದೇಶ ಮೂಡಿ ಎಲ್ಲವೂ ನಿಂತುಬಿಡುತ್ತದೆ. ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನಲ್ಲಿ ರಿಪೇರಿ ಎಂದರೆ ಪೆಟ್ಟಿಗೆಯನ್ನು ಹುಬ್ಬಳ್ಳಿಗೆ ಹೊರಬೇಕು. ಅಲ್ಲಿ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಬಿಟ್ಟರೆ, 'ನುಡಿ'ಯಲ್ಲಿ ವರ್ಷಗಟ್ಟಲೆ ಬರೆದಿಟ್ಟ ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳೆಲ್ಲ ಹೋದಂತೆಯೇ. ಆದ್ದರಿಂದ ದೋಷ ಎಲ್ಲಿದೆಯೆಂದು ಮೊದಲು ನೀವೇ ಹುಡುಕಿರಿ.

ಗಣಕ ಏಳುವ ಕ್ರಿಯೆ ಒಂದು ಸರಪಳಿಯಂತೆ. ಮೊದಲು ಮದರ್‌ಬೋರ್ಡಿನಲ್ಲಿರುವ 'ಬಯಾಸ್' ಎಂಬ ತಂತ್ರಾಂಶ ಸ್ಮೃತಿ, ಕೀಲಿಮಣೆ ಮುಂತಾದವನ್ನು ಪರೀಕ್ಷಿಸುತ್ತದೆ. ಬಳಿಕ, ಯಾವ ಸಾಧನದಿಂದ ಆರಂಭಿಸಬೇಕೆಂಬ ಅನುಕ್ರಮವನ್ನು ನೋಡಿ, ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಅದರಲ್ಲಿ 446 ಬೈಟ್ ಪುಟ್ಟ ಪ್ರೋಗ್ರಾಂ, 64 ಬೈಟ್ ಡಿಸ್ಕಿನ ವಿಭಾಗಗಳ ಕೋಷ್ಟಕ, ಉಳಿದ 2 ಬೈಟ್ ಗುರುತು. ಈ ಪ್ರೋಗ್ರಾಂ ಮುಂದೆ ವಿಂಡೋಸಿಗೆ ದಾರಿ ಮಾಡಿಕೊಡುತ್ತದೆ. ಇವುಗಳಲ್ಲಿ ಯಾವ ಕೊಂಡಿ ಕಳಚಿದರೂ ಗಣಕ ಏಳುವುದಿಲ್ಲ.

ಪೆನ್ ಡ್ರೈವ್, ಸಿ.ಡಿ., ಫ್ಲಾಪಿ ಏನಾದರೂ ಸಿಕ್ಕಿಸಿದ್ದರೆ ತೆಗೆದು ಮತ್ತೆ ಚಾಲೂ ಮಾಡಿ. ಸರಿಹೋಗದಿದ್ದರೆ ಡಿಲೀಟ್ ಅಥವಾ ಎಫ್ 2 ಕೀಲಿ ಒತ್ತಿ ಬಯಾಸ್ ತೆರೆದು ದಿನಾಂಕ ನೋಡಿ. ಅದು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಕಳ್ಳ ಸಿಕ್ಕಂತೆಯೇ! ಗಡಿಯಾರವನ್ನೂ ಬಯಾಸ್‌ನ ಆಯ್ಕೆಗಳನ್ನೂ ಕಾಪಾಡುವುದು ನಾಣ್ಯದಾಕಾರದ 3 ವೋಲ್ಟಿನ ಸಿ.ಆರ್. 2032 ಕೋಶ. ಪ್ಲಗ್ ಹಾಕಿದ್ದಾಗ ಈ ಕೆಲಸಕ್ಕೆ ಮುಖ್ಯ ವಿದ್ಯುತ್ತೇ ನೆರವಾಗುತ್ತದೆ. ರಜೆಯಲ್ಲಿ ಪ್ಲಗ್ ಕಿತ್ತಿಟ್ಟಾಗ ಕೋಶವೊಂದೇ ದುಡಿಯಬೇಕು. ಹಳೆಯ ಕೋಶ ಬರಿದಾದರೆ ಬಯಾಸ್ ತನ್ನ ಮೂಲ ಆಯ್ಕೆಗಳಿಗೆ ಮರಳುತ್ತದೆ. ಆಗ ಡಿಸ್ಕ್ ಅನುಕ್ರಮದಿಂದ ಬಿಟ್ಟುಹೋಗಬಹುದು. ಪ್ಲಗ್ ಕಿತ್ತು ಕೋಶ ಬದಲಿಸಿ, ದಿನಾಂಕ ತಿದ್ದಿ, ಹಾರ್ಡ್ ಡಿಸ್ಕನ್ನು ಅನುಕ್ರಮದಲ್ಲಿ ಮೊದಲಿಗೆ ತನ್ನಿ.

ಬಯಾಸ್‌ನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ? ದೋಷ ತಂತಿಯಲ್ಲಿರಬಹುದು. ಎರೆನಾಡಿನ ಸಣ್ಣ ಧೂಳು ಪೆಟ್ಟಿಗೆಯೊಳಗೆ ಸೇರದೆ ಬಿಡುವುದಿಲ್ಲ. ಪ್ಲಗ್ ಕಿತ್ತು, ಮೃದು ಕುಂಚದಿಂದ ಧೂಳು ತೆಗೆದು, ಡಿಸ್ಕಿನ ಎರಡೂ ತಂತಿಗಳನ್ನು ಕಿತ್ತು ಮತ್ತೆ ಬಿಗಿಯಾಗಿ ಕೂರಿಸಿ. ವಿದ್ಯುತ್ ಪೂರೈಸುವ ಲೋಹದ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಅದರ ಧಾರಕಗಳಲ್ಲಿ ಅಪಾಯಕಾರಿ ಆವೇಶ ಉಳಿದಿರಬಹುದು.

ಈಗ ಡಿಸ್ಕಿನ ಸದ್ದು ಕೇಳಿ. ಒಂದೇ ಲಯದ ಮೆಲುಸದ್ದು ಸಹಜ. 'ಟಕ್, ಟಕ್' ಎಂದು ಮತ್ತೆ ಮತ್ತೆ ಬಡಿದರೆ ಒಡನೆಯೇ ನಿಲ್ಲಿಸಿ. ಕಾರಣ ಲೆಕ್ಕದಿಂದಲೇ ತಿಳಿಯುತ್ತದೆ. ಡಿಸ್ಕ್ ನಿಮಿಷಕ್ಕೆ 7200, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಕೇಂದ್ರದಿಂದ 4.5 ಸೆಂ.ಮೀ. ದೂರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 34 ಮೀಟರ್, ಗಂಟೆಗೆ 122 ಕಿ.ಮೀ.! ಓದುವ ತಲೆ ಅದರಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆ ಹಾಳಾಗಿದ್ದರೆ ಪ್ರತಿ ಸುತ್ತೂ ತಟ್ಟೆಯ ಮೇಲಿನ ಬರಹವನ್ನು ಕೆರೆಯಬಹುದು.

ಸದ್ದು ಸಹಜವಿದ್ದೂ ವಿಂಡೋಸ್ ಬಾರದಿದ್ದರೆ, ಡಿಸ್ಕನ್ನು ಬೇರೆ ಗಣಕಕ್ಕೆ ಜೋಡಿಸಿ ಮೊದಲು ಕಡತಗಳ ಪ್ರತಿ ಮಾಡಿಕೊಳ್ಳಿ. ಹಳೆಯ ನುಡಿ ಕಡತಗಳ ಜೊತೆಗೆ ನುಡಿ ಅಕ್ಷರಶೈಲಿಗಳನ್ನೂ ಉಳಿಸಿಕೊಳ್ಳಿ. ಅವಿಲ್ಲದಿದ್ದರೆ ಪಠ್ಯ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ದುರಸ್ತಿ ಏನಿದ್ದರೂ ಅನಂತರ. ವಿಂಡೋಸ್ ಎಕ್ಸ್‌ಪಿ ಇದ್ದಲ್ಲಿ, ಅದರ ಸಿ.ಡಿ.ಯಲ್ಲಿರುವ ರಿಕವರಿ ಕನ್ಸೋಲ್ ತೆರೆದು 'ಫಿಕ್ಸ್‌ಎಂಬಿಆರ್' ಎಂಬ ಆದೇಶ ಕೊಟ್ಟು ಆರಂಭದ ಪ್ರೋಗ್ರಾಂ ಅನ್ನು ಮತ್ತೆ ಬರೆಸಬಹುದು.

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಹಂತದ ಫಲಿತಾಂಶ ನೋಟ್ ಪುಸ್ತಕದಲ್ಲಿ. ಹಾಗೆ ಮಾಡಿದರೆ ಗಣಕ ಎದ್ದಾಗ ಅದು ಏಕೆ ಎದ್ದಿತೆಂಬುದೂ ವಿದ್ಯಾರ್ಥಿಗಳಿಗೆ ತಿಳಿಯುತ್ತದೆ.