ಕಾಲ್ನಡೆಯ ಬೇಟೆಯಲ್ಲಿ ತುಂಬಿದ ಕೋವಿ

ಹೇರೋಹಳ್ಳಿಯಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಸಾವನದುರ್ಗದ ಸೀಮೆ ಸಿಕ್ಕುತ್ತದೆ. ಅಂಥ ಗುಡ್ಡಗಾಡುಗಳಲ್ಲಿ ಕೋವಿ ಹೊತ್ತು ಅಲೆಯುವುದು ಹಿಂದೆ ಒಂದು ವಿನೋದವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ವಿನೋದವು ನಿಂತಿತು; ಕೋವಿಯು ಮಾತ್ರ ಕೊಡಗಿನ ಮನೆಗಳಲ್ಲಿಯೂ ಅರಣ್ಯದ ಕಾವಲುಗಾರರ ಹೆಗಲಿನಲ್ಲಿಯೂ ಇಂದಿಗೂ ಉಂಟು.

ಬೇಟೆಯಲ್ಲಿ ಅಪಾಯವು ಮೃಗದಿಂದಲೇ ಎಂದು ಶ್ರೋತೃಗಳು ಭಾವಿಸಬಹುದು. ಅದಕ್ಕಿಂತ ಹತ್ತಿರದ್ದು ಸಂಗಡಿಗನ ಕೋವಿ. ಜಾಡು ನೋಡುವವನು ನೆಲದಲ್ಲಿ ಕಣ್ಣಿಟ್ಟು ಬರಿಗೈಯಲ್ಲಿ ಮುಂದೆ ನಡೆಯುತ್ತಾನೆ. ಅವನ ಬೆನ್ನು ಕೋವಿಯವನ ಎದುರಿಗೇ ಇರುತ್ತದೆ. ನಾವು ಹೇಳುವುದೆಲ್ಲ ಆ ಬೆನ್ನನ್ನು ಕುರಿತದ್ದು.

ಕೋವಿಯೊಳಗೆ ಬಿಗಿದ ಸ್ಪ್ರಿಂಗನ್ನು ತಡೆದಿರುವುದು ಉಕ್ಕಿನ ಒಂದು ಕಿರಿಯ ಅಂಚು. ಸೇಫ್ಟಿ ಎಂಬ ಕೀಲು ಅನೇಕ ಕೋವಿಗಳಲ್ಲಿ ಟ್ರಿಗರನ್ನಷ್ಟೇ ಹಿಡಿಯುತ್ತದೆ. ಅಂಚು ಸವೆದಿದ್ದು ಕೋವಿ ಬಂಡೆಗೆ ಬಡಿದರೆ ಆ ಕೀಲು ಇದ್ದೂ ಇಲ್ಲದಂತೆಯೇ. ಬೆಂಗಳೂರಿನ ಹೆಸರಾಂತ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಒಯ್ಯುತ್ತಿದ್ದ .405 ವಿಂಚೆಸ್ಟರ್ ರೈಫಲಿನಲ್ಲಿ ಪ್ರತ್ಯೇಕ ಸೇಫ್ಟಿಯೇ ಇಲ್ಲ. 1895ರ ಆ ಮಾದರಿಯಲ್ಲಿ ಕುದುರೆಯನ್ನು ಅರ್ಧದಲ್ಲಿ ನಿಲ್ಲಿಸುವ ಕಚ್ಚೊಂದೇ ಆಸರೆ. ತೋಟಾ ಒಳಗಿರುವಾಗ ಬೆವರಿದ ಹೆಬ್ಬೆರಳಿನಿಂದ ಆ ಕುದುರೆಯನ್ನು ಇಳಿಸುವುದು ಎಷ್ಟು ಸೂಕ್ಷ್ಮದ ಕೆಲಸವೆಂಬುದನ್ನು ಊಹಿಸಬಹುದು.

ಆದಕಾರಣ ನಡೆಯುವಾಗ ತೋಟಾಗಳು ಮ್ಯಾಗಜೀನಿನಲ್ಲಿರಲಿ. ನಳಿಗೆಯ ಬುಡದ ಗೂಡು ಬರಿದಾಗಿರಲಿ. ಮೃಗವು ಸಮೀಪವಿದೆಯೆಂದು ತಿಳಿದಾಗ ಮಾತ್ರ ತೋಟಾವನ್ನು ಗೂಡಿಗೇರಿಸತಕ್ಕದ್ದು. ಆ ಸದ್ದಿಗೆ ಮೃಗ ಓಡಿಹೋಗುವುದೆಂದು ಬೇಟೆಗಾರರು ಗೊಣಗುವುದುಂಟು. ಓಡಿದರೆ ಓಡಲಿ ಎಂಬುದೇ ನಮ್ಮ ಮತ. ಮಲೆನಾಡಿನ ಕೇಪಿನ ಕೋವಿಯಲ್ಲಿ ಉಪಾಯ ಇನ್ನೂ ಸುಲಭ: ಮದ್ದುಗುಂಡು ತುಂಬಿದ್ದರೂ ಕೇಪು ಜೇಬಿನಲ್ಲಿರಬೇಕು. ಕೇಪಿನ ಮೇಲೆ ಕುದುರೆಯನ್ನು ಇಳಿಸಿಟ್ಟು ನಡೆಯುವುದು ರಕ್ಷಣೆಯಂತೆ ತೋರಿದರೂ ಹಾಗಲ್ಲ. ಕೊಂಬೆಯೊಂದು ಅದನ್ನು ಎತ್ತಿ ಬಿಟ್ಟರೆ ಈಡು ಹಾರುತ್ತದೆ.

ಗೂಡು ತುಂಬಿದ ಮೇಲೆ ಕೋವಿಯನ್ನು ಎರಡು ಕೈಗಳಿಂದ ಎದೆಗೆ ಓರೆಯಾಗಿ ಹಿಡಿದು, ಯಾರೂ ಇಲ್ಲದ ಪಕ್ಕಕ್ಕೆ ಅದರ ಬಾಯಿಯನ್ನು ತಿರುಗಿಸಬೇಕು. ಬೆರಳು ಟ್ರಿಗರಿನ ಬಳೆಯ ಹೊರಗಿರಬೇಕು. ಹೆಗಲ ಮೇಲೆ ಮಲಗಿಸಿ ಹೊತ್ತರೆ ಬಾಯಿ ಹಿಂದಿನವನ ಮುಖಕ್ಕೆ ನೇರವಾಗುತ್ತದೆ. ಬೇಲಿ, ಹಳ್ಳ, ಲಂಟಾನದ ಪೊದೆ ಇವುಗಳನ್ನು ದಾಟುವ ಮುನ್ನ ತೋಟಾವನ್ನು ತೆಗೆಯತಕ್ಕದ್ದು.

ಕೊಡಗಿನವರು ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್‌ಪೂ, ಎಂದರೆ ಕೋವಿಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಆ ಹೂವು ಕಣ್ಣಿಗೆ ಕಾಣುತ್ತದೆ, ಈಡಿಗೆ ಮೊದಲು ತೆಗೆಯಬಹುದು. ಕಾಡಿನಲ್ಲಿ ಜಾರಿಬಿದ್ದಾಗ ನಳಿಗೆಗೆ ಹೊಕ್ಕ ಕೆಸರು ಹಾಗೆ ಕಾಣುವುದಿಲ್ಲ. ಅದು ಒಳಗೆ ಉಳಿದರೆ ಈಡಿನ ಒತ್ತಡಕ್ಕೆ ಉಕ್ಕೂ ಸೀಳಿಹೋಗಬಹುದು. ಬಿದ್ದೆದ್ದವನು ಮೊದಲು ಗೂಡನ್ನು ಬರಿದುಮಾಡಿ, ಆಮೇಲೆ ಹಿಂಬದಿಯಿಂದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು.